ಎರಡನೇ ಒದೆತ

ನಮ್ಮ ಕಡೆ ಗಂಡಸಿಗೆ ಮರ್ಯಾದೆ ಬಂತೆಂದರೆ ಮೊದಲು ಅವನ ಹೆಸರು ತುಂಡಾಗುತ್ತದೆ. ಅಪ್ಪ ಅಮ್ಮ ಅಕ್ಕರೆಯಿಂದ ಇಟ್ಟ ಉದ್ದನೆಯ ಹೆಸರಿನ ತಲೆ ಮಾತ್ರ ಇಟ್ಟುಕೊಂಡು, ಉಳಿದದ್ದನ್ನು ಎಸೆದು, ಕೊನೆಗೊಂದು ‘ಕೆ’ ಅಂಟಿಸುತ್ತೇವೆ. ಬಜಾರಿನಲ್ಲಿ ಹನ್ನೆರಡು ಅಂಗಡಿ ಇಟ್ಟಿರುವ ಎರ್ಗಾಜಿ ನಮಗೆಲ್ಲ ‘ಎರೆಕೆ’. ಏನೂ ಇಲ್ಲದವನ ಹೆಸರನ್ನು ಮಾತ್ರ ಪೂರ್ತಿ ಕರೆಯುತ್ತೇವೆ. ಈಜುಕೊಳದ ಬಾಯ್ಲರ್ ನೋಡಿಕೊಳ್ಳುವ ಸಬಿರ್ಬೆಕನನ್ನು ಐವತ್ಮೂರು ವರ್ಷ ಬಲ್ಲವರೆಲ್ಲ ಒಂದಕ್ಷರವೂ ಬಿಡದೆ ಸಬಿರ್ಬೆಕ್ ಎಂದೇ ಕರೆದರು.

ನಾನು ರೌಶಾನ್. ಅದೇ ಈಜುಕೊಳದಲ್ಲಿ ಕೋಟು ಕಾಯುವವಳು. ಬಂದವರ ಕೋಟು ಟೋಪಿ ಇಸಕೊಂಡು ಕೊಕ್ಕೆಗೆ ತಗುಲಿಸಿ, ನಂಬರಿನ ಬಿಲ್ಲೆ ಕೊಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಇದನ್ನೇ ಮಾಡಿ ಮಾಡಿ ನನಗೆ ಜನರ ಮುಖ ಮರೆತುಹೋಗುತ್ತದೆ, ಕೋಟು ಮರೆಯುವುದಿಲ್ಲ. ಸಬಿರ್ಬೆಕನಿಗೂ ಮುಖಗಳು ನೆನಪಿರುವುದಿಲ್ಲ. ಅವನಿಗೆ ನೆನಪಿರುವುದು ಕಾಲು. ನಮ್ಮದು ಹಳೆಯ ಕಾಲದ ಕೊಳ. ತಳಮನೆಯ ಬಾಯ್ಲರ್ ಕೋಣೆಯ ಗೋಡೆಯಲ್ಲಿ ರೊಟ್ಟಿಯಷ್ಟು ಅಗಲದ ದಪ್ಪ ಗಾಜಿನ ಕಿಂಡಿಯೊಂದಿದೆ. ಕೋಚುಗಳು ಬಂದು ಈಜುವವರನ್ನು ನೀರಿನಡಿಯಿಂದ ನೋಡಲಿ ಎಂದು ಇಟ್ಟದ್ದಂತೆ. ಯಾವ ಕೋಚೂ ಆ ಮೆಟ್ಟಿಲು ಇಳಿಯಲಿಲ್ಲ. ಇಪ್ಪತ್ತೆರಡು ವರ್ಷ ಆ ಕಿಂಡಿಗೆ ಕಣ್ಣಿಟ್ಟವನು ಸಬಿರ್ಬೆಕ್ ಒಬ್ಬನೇ.

ಉಳಿದ ಲೋಕವೆಲ್ಲ ಅವನಿಗೆ ಮಂಜು ಮಂಜು. ಹಾಲು ತರಲು ಹೋಗಿ ಮೊಳೆ ತಂದವನು. ಸಾವಿನ ಮನೆಗೆ ಹೋಗಿ ‘ಹೀಗೇ ವರ್ಷ ವರ್ಷ ನಡೀತಿರಲಿ’ ಎಂದು ಹರಸಿ ಬಂದವನು. ಆದರೆ ನೀರಿನಲ್ಲಿ ಯಾವ ಕಾಲು ಯಾರದು, ಯಾವುದು ಸೋತಿದೆ, ಯಾವುದು ಕಳ್ಳಾಟ ಆಡುತ್ತಿದೆ ಎಂದು ಕೇಳಿ, ಒಂದೂ ತಪ್ಪುತ್ತಿರಲಿಲ್ಲ.

ಹೋದ ಶರತ್ಕಾಲದಲ್ಲಿ ಸ್ಪರ್ಧೆಗಳಿಗೆ ತೀರ್ಪುಗಾರರು ಸಾಲದೆ ಬಂದು, ಮೇಲಿನವರು ಮೂರು ದಿನದ ತರಬೇತಿ ಇಟ್ಟರು. ಕರೆದವರು ಬರಲಿಲ್ಲ. ಮಧ್ಯಾಹ್ನದ ಪುಲಾವು ಉಳಿದುಹೋಗುತ್ತದೆಂದು ಕಸ ಗುಡಿಸುವವರನ್ನೂ ಬಾಯ್ಲರಿನವನನ್ನೂ ಕೂರಿಸಿದರು. ಮೂರನೇ ದಿನ ಸಬಿರ್ಬೆಕನ ಕೈಗೆ ಕೆಂಪು ರಟ್ಟಿನ ಪುಸ್ತಕವೊಂದು ಬಂತು. ಅದರೊಳಗೆ ಅವನ ಫೋಟೋ, ಅದರ ಕೆಳಗೆ ‘ಎರಡನೇ ದರ್ಜೆಯ ಸುದ್ಯಾ’ ಎಂದು ಮೊಹರು.

ಎಲ್ಲ ಅನಾಹುತಕ್ಕೂ ಕಾರಣ ಈ ‘ಸುದ್ಯಾ’ ಎಂಬ ಪದ. ಕೋರ್ಟಿನಲ್ಲಿ ಕೂತು ಜೈಲಿಗೆ ಕಳಿಸುವ ಜಡ್ಜೂ ಸುದ್ಯಾ, ಕೊಳದ ಅಂಚಿನಲ್ಲಿ ನಿಂತು ಮಕ್ಕಳ ಕಾಲು ನೋಡುವ ಜಡ್ಜೂ ಸುದ್ಯಾ. ಸರ್ಕಾರ ಇಬ್ಬರಿಗೂ ಒಂದೇ ಪದ ಕೊಟ್ಟು ಕೈತೊಳೆದುಕೊಂಡಿದೆ.

ತರಬೇತಿಯಲ್ಲಿ ಅವನು ಕಲಿತದ್ದು ಕಪ್ಪೆ ಈಜಿನ, ಅಂದರೆ ಬ್ರೆಸ್ಟ್‌ಸ್ಟ್ರೋಕಿನ, ನಿಯಮ. ನನಗೂ ಬಾಯಿಪಾಠ ಆಗುವಷ್ಟು ಸಲ ಹೇಳಿದ. “ನೋಡು ರೌಶಾನ್, ನೀರಿಗೆ ಹಾರಿದ್ಮೇಲೆ ಒಂದು, ಗೋಡೆ ಮುಟ್ಟಿ ತಿರುಗಿದ್ಮೇಲೆ ಒಂದು. ಎರಡೂ ಕಾಲು ಜೋಡಿಸಿ ಡಾಲ್ಫಿನ್ ಥರ ಒಂದೇ ಒಂದು ಒದೆತ. ಆಮೇಲೆ ಕಪ್ಪೆ ಕಪ್ಪೆಯಾಗೇ ಇರ್ಬೇಕು. ಎರಡನೇದು ಒದ್ದನೋ, ನಾನು ಕೈ ಎತ್ತಿದೆ, ಅವನು ಅನರ್ಹ!” ನಮ್ಮ ಕೊಳದ ಗೋಡೆಯ ಮೇಲೆ ಬಣ್ಣದ ಕಲ್ಲುಚೂರಿನಲ್ಲಿ ಮಾಡಿದ ಎರಡಾಳುದ್ದದ ಡಾಲ್ಫಿನ್ ಇದೆ. ಅದು ನಲವತ್ತು ವರ್ಷದಿಂದ ಒದೆಯುತ್ತಲೇ ಇದೆ. ಅದನ್ನು ಅನರ್ಹಗೊಳಿಸುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ.

ಅನಾಹುತ ಶುರುವಾದದ್ದು ಒಂದು ಊಟದಲ್ಲಿ. ಸಬಿರ್ಬೆಕನ ಹೆಂಡತಿ ಕುಲ್ಪಾಶಳ ಅಣ್ಣನಿಗೆ ಮೊಮ್ಮಗ ಹುಟ್ಟಿ ನಲವತ್ತು ದಿನವಾಗಿತ್ತು. ಎದುರುಮನೆಯವಳು ಎಂದು ನನಗೂ ಕರೆ ಇತ್ತು. ಬಾಗಿಲಲ್ಲಿ ಮೈಕಿನವನು ಬಂದವರ ಹೆಸರು, ಹುದ್ದೆ ಬರೆದುಕೊಳ್ಳುತ್ತಿದ್ದ. ಪ್ರತಿ ಊಟದಲ್ಲೂ ಕುಲ್ಪಾಶ್ ಆ ಜಾಗದಲ್ಲಿ ದನಿ ತಗ್ಗಿಸಿ ‘ಬಾಯ್ಲರ್’ ಎಂದು ಗೊಣಗಿ ಒಳಗೆ ನುಸುಳುತ್ತಿದ್ದವಳು. ಅವತ್ತು ಎದೆ ಸೆಟೆಸಿ ನಿಂತಳು.

“ಬರ್ಕೊಳ್ಳಪ್ಪ. ಸಬಿರ್ಬೆಕ್. ಜಡ್ಜು.”

“ಜಡ್ಜಾ?” ಮೈಕಿನವನ ಪೆನ್ನು ನಿಂತಿತು.

“ಎರಡನೇ ದರ್ಜೆ. ಪುಸ್ತಕ ಇದೆ, ತೋರಿಸ್ಲಾ?”

ಅವಳು ಸುಳ್ಳು ಹೇಳಲಿಲ್ಲ ಎಂಬುದಕ್ಕೆ ಹಿಂದೆ ನಿಂತಿದ್ದ ನಾನೇ ಸಾಕ್ಷಿ. ನಿಜವನ್ನು ಅರ್ಧಕ್ಕೆ ನಿಲ್ಲಿಸಿದಳು, ಅಷ್ಟೆ.

ಐದು ನಿಮಿಷಕ್ಕೆ ಮೈಕು ಗುಡುಗಿತು. “ಬಂಧುಗಳೇ! ನ್ಯಾಯದ ತಕ್ಕಡಿ ಹಿಡಿದ ಮಹನೀಯರೊಬ್ಬರು ಇವತ್ತು ನಮ್ಮ ಜೊತೆ ಊಟಕ್ಕೆ ಕೂತಿದ್ದಾರೆ! ಗೌರವಾನ್ವಿತ ಜಡ್ಜ್ ಸಾಹೇಬರು, ನಮ್ಮೆಲ್ಲರ ಸಾಕೆ!”

ಯಾರಪ್ಪ ಈ ಸಾಕೆ ಎಂದು ಸಬಿರ್ಬೆಕನೂ ಹಿಂತಿರುಗಿ ನೋಡಿದ. ಅವನನ್ನು ಬಲ್ಲ ನಂಟರು, ಸರ್ಕಾರದ ಪುಸ್ತಕವೇ ಇದೆಯಂತೆ, ಬಡ್ತಿ ಸಿಕ್ಕಿರಬೇಕು ಎಂದುಕೊಂಡರು. ಅಷ್ಟರಲ್ಲಿ ನಾಲ್ಕು ಜನ ಅವನನ್ನು ಬಾಗಿಲ ಪಕ್ಕದಿಂದ ಎಬ್ಬಿಸಿ, ಹೊತ್ತೊಯ್ದಂತೆ ಒಯ್ದು, ಎಲ್ಲರಿಗಿಂತ ಮೇಲಿನ ಪೀಠದಲ್ಲಿ ಕೂರಿಸಿದರು. ಎಲ್ಲರಿಗಿಂತ ದೊಡ್ಡ ಅತಿಥಿಗೆ ಮೀಸಲಾದ ಬೇಯಿಸಿದ ಕುರಿಯ ತಲೆಯನ್ನು ಅವನ ಮುಂದೆ ಇಟ್ಟರು. ಹುಟ್ಟಿದಾರಭ್ಯ ಅವನು ಕುರಿಯ ತಲೆಯನ್ನು ಇನ್ನೊಬ್ಬರ ಮುಂದೆಯೇ ನೋಡಿದ್ದು. ತಿದ್ದಬೇಕೆಂದು ಬಾಯಿ ತೆರೆದದ್ದು ನಿಜ, ನಾನು ನೋಡಿದೆ. ಅಷ್ಟರಲ್ಲಿ ಕೈಗೆ ಚಾಕು ಕೊಟ್ಟರು. ಚಾಕು ಕೈಗೆ ಬಂದ ಮೇಲೆ ಯಾರು ತಾನೇ ತಿದ್ದುತ್ತಾರೆ?

ತಲೆ ಸಿಕ್ಕವನು ಅದನ್ನು ಕೊಯ್ದು ಹಂಚಬೇಕು. ಕಿವಿ ಚಿಕ್ಕ ಮಕ್ಕಳಿಗೆ, ದೊಡ್ಡವರ ಮಾತು ಕೇಳಲಿ ಎಂದು. ಇದು ಎಲ್ಲರಿಗೂ ಗೊತ್ತು. ಸಬಿರ್ಬೆಕ್ ಬೆವೆತ ಕೈಯಲ್ಲಿ ಕಿವಿ ಕೊಯ್ದು, ಎತ್ತಿ, ನೇರ ಪಕ್ಕದಲ್ಲಿ ಕೂತಿದ್ದ ಎರೆಕೆಯ ತಟ್ಟೆಗೆ ಹಾಕಿದ. ಅರವತ್ತು ದಾಟಿದ, ಹನ್ನೆರಡು ಅಂಗಡಿಯ ಎರೆಕೆಗೆ ಮಕ್ಕಳ ಪಾಲಿನ ಕಿವಿ! ಇಡೀ ಮೇಜು ಅಗಿಯುವುದನ್ನು ನಿಲ್ಲಿಸಿತು.

ಎರೆಕೆ ಒಂದು ಗಳಿಗೆ ಕಿವಿ ನೋಡಿದ, ಒಂದು ಗಳಿಗೆ ಜಡ್ಜನ್ನು ನೋಡಿದ. ಆಮೇಲೆ ಅವನ ಮುಖ ಅರಳಿತು. ಅವನದೊಂದು ಜಾಗದ ಕೇಸು ಕೋರ್ಟಿನಲ್ಲಿ ಕೊಳೆಯುತ್ತಿತ್ತು.

“ಅರ್ಥ ಆಯ್ತು ಸಾಕೆ, ಅರ್ಥ ಆಯ್ತು!” ಎಂದು ಸಬಿರ್ಬೆಕನ ತೊಡೆ ತಟ್ಟಿದ. “ನನ್ನ ಮಾತು ಕೇಳಿಸ್ಕೋತೀನಿ ಅಂತ ಇಷ್ಟು ಜನರ ಮುಂದೆ ಹೇಳ್ಬಿಟ್ರಲ್ಲ, ನೀವು ಗಂಡಸು!” ಎಂದವನೇ ಕಿವಿಯನ್ನು ಕರುಂ ಕರುಂ ಎಂದು ಅಗಿದು ನುಂಗಿದ.

ಇಲ್ಲಿಗೆ ಮುಗಿದಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಸಬಿರ್ಬೆಕನಿಗೆ ಒಬ್ಬಳು ಮಗಳು, ಮೊಲ್ದಿರ್. ಹಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಎರೆಕೆಯ ದೊಡ್ಡ ಮಗ ಸಾಂಜಾರ್ ಒಂದು ಹುಳುಕು ಹಲ್ಲು ಹಿಡಿದು ಹೋದವನು ಇವಳನ್ನು ನೋಡಿ, ಮೂರು ವರ್ಷ ಒಂದಾದ ಮೇಲೊಂದು ಹಲ್ಲು ತೋರಿಸಲು ಹೋದ. ಇಬ್ಬರಿಗೂ ಮನಸ್ಸಿತ್ತು. ‘ಹೆಸರಿಲ್ಲದ ಮನೆಯ ಹುಡುಗಿ ಬೇಡ’ ಎಂದು ಎರೆಕೆ ಯಾರ ಮಗಳು ಎಂದೂ ಕೇಳದೆ ಬಾಯಿ ಮುಚ್ಚಿಸಿದ್ದ. ಊಟದ ಮಾರನೆಯ ದಿನ ಸಾಂಜಾರ್ ಮೆಲ್ಲಗೆ, “ಅಪ್ಪಾ, ಆ ಹುಡುಗಿ ಸಾಕೆ ಮಗಳು” ಎಂದ. ಹತ್ತೇ ದಿನಕ್ಕೆ ಎರೆಕೆಯೂ ಅವನ ಮನೆಯ ಹೆಂಗಸರೂ ಹುಡುಗಿಯ ಕಿವಿಗೆ ಓಲೆ ಹಾಕಿ ಮಾತು ಗಟ್ಟಿ ಮಾಡಲು ಹೊರಟೇಬಿಟ್ಟರು.

ಅವತ್ತು ಬೌರ್ಸಾಕ್ ಎಂಬ ಹಿಟ್ಟಿನ ಉಂಡೆ ಕರಿಯಲು ನಾನೇ ಅವರ ಅಡಿಗೆಮನೆಯಲ್ಲಿದ್ದೆ.

“ಅಪ್ಪಾ, ಇವತ್ತೇ ಹೇಳ್ಬಿಡು,” ಎಂದಳು ಮೊಲ್ದಿರ್. “ನಾಳೆ ಅವರಿಗೇ ಗೊತ್ತಾದ್ರೆ ನಾನು ಆ ಮನೇಲಿ ತಲೆ ಎತ್ಕೊಂಡು ಓಡಾಡೋಕಾಗುತ್ತಾ?”

“ಹೇಳ್ತೀನಿ ಕಣಮ್ಮ. ಟೀ ಒಂದು ಆಗ್ಲಿ.”

“ಹೇಳಿದ್ರೆ ನೋಡು!” ಕುಲ್ಪಾಶ್ ಸೌಟು ಎತ್ತಿದಳು. “ನೀನೇನು ಕೋರ್ಟು ಅಂದ್ಯಾ? ಅವರೇ ಅಂದ್ಕೊಂಡ್ರು. ಅಂದ್ಕೊಂಡಿದ್ದು ಅವರ ತಪ್ಪು. ಮದುವೆ ಆಗೋವರೆಗೂ ಬಾಯಿಗೆ ಬೀಗ ಹಾಕ್ಕೋ.”

“ಅಮ್ಮಾ, ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ?”

ಟೀ ಆಯಿತು. ಎರಡನೇ ಟೀಯೂ ಆಯಿತು. ಸಬಿರ್ಬೆಕ್ ಗಂಟಲು ಸರಿಮಾಡಿಕೊಂಡಾಗಲೆಲ್ಲ ಬೀಗಿತ್ತಿ “ಜಡ್ಜ್ ಸಾಹೇಬರು ಏನೋ ಹೇಳ್ತಾರೆ, ಸುಮ್ನಿರ್ರೇ” ಎಂದು ಎಲ್ಲರನ್ನೂ ಗದರಿಸುತ್ತಿದ್ದಳು. ಅಷ್ಟು ಮೌನದಲ್ಲಿ ಅವನಿಗೆ ಮಾತೇ ಮರೆತುಹೋಗಿ “ಬೌರ್ಸಾಕ್ ಚೆನ್ನಾಗಿದೆ” ಎನ್ನುತ್ತಿದ್ದ. ಅವನ ಮೈಯಿಂದ ಕ್ಲೋರಿನ್ ವಾಸನೆ ಬಂದದ್ದನ್ನು “ದಿನಾ ಈಜ್ತಾರೆ ಅನ್ಸುತ್ತೆ, ಎಷ್ಟು ಶಿಸ್ತು” ಎಂದು ಮೆಚ್ಚಿದರು. ಎರಡು ಕೋಣೆಯ ಗೂಡಿನಂಥ ಮನೆಯನ್ನು ನೋಡಿ ಎರೆಕೆ ನನ್ನ ಕಿವಿಯಲ್ಲಿ, “ಪ್ರಾಮಾಣಿಕ ಅಂದ್ರೆ ಹಿಂಗಿರ್ಬೇಕು ನೋಡಮ್ಮ. ಇಲ್ಲಾ, ಭಾರೀ ಪಾಕಡಾ ಇರ್ಬೇಕು. ಎರಡಾದ್ರೂ ನಮಗೆ ಒಳ್ಳೇದೇ,” ಎಂದ. ಹೊರಡುವಾಗ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದ. “ಬೀಗರೇ, ನಮ್ಮ ಆ ಜಾಗದ ವಿಷಯ...”

ಸಬಿರ್ಬೆಕನಿಗೆ ಗೊತ್ತಿದ್ದ ಕಾನೂನು ಒಂದೇ. “ತಲೆ ನೀರಿನ ಮೇಲೆ ಬರೋವರೆಗೂ ಕೈ ಬಾಚಬಾರದು ಬೀಗರೇ,” ಎಂದ.

ಎರೆಕೆ ಆ ಮಾತನ್ನು ಮೂರು ದಿನ ಮೆಲುಕು ಹಾಕಿದನಂತೆ. ನಾಲ್ಕನೆಯ ದಿನ ನಿಜವಾದ ಜಡ್ಜಿಗೆ ಜ್ವರ ಬಂದು ಕೇಸು ಮುಂದಕ್ಕೆ ಹೋಯಿತು. ಕಾಯಲು ಹೇಳಿದ್ದು ಇದಕ್ಕೇ ಎಂದು ಎರೆಕೆ ತಿಳಿದ. ‘ಬೀಗರ ಕೈ ಎಷ್ಟು ಉದ್ದ ನೋಡ್ರೋ’ ಎಂದು ಬಜಾರಿಗೆಲ್ಲ ಸುದ್ದಿಯಾಯಿತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು. ಸಬಿರ್ಬೆಕನ ಮನೆ ಮೆಟ್ಟಿಲ ಮೇಲೆ ಸಾಲು ನಿಂತಿತು. ಮೂರನೇ ಮಹಡಿಯ ಅಣ್ಣತಮ್ಮಂದಿರು ಒಂದು ಗ್ಯಾರೇಜಿಗಾಗಿ ಆರು ವರ್ಷ ಮಾತು ಬಿಟ್ಟಿದ್ದವರು, ಒಟ್ಟಿಗೆ ಬಂದು ನಿಂತರು.

“ಎರಡೂ ಕೈ ಒಂದೇ ಸಲ ಗೋಡೆ ಮುಟ್ಬೇಕು,” ಎಂದ ಸಬಿರ್ಬೆಕ್. “ಒಂದು ಮುಂದೆ, ಒಂದು ಹಿಂದೆ ಆದ್ರೆ ಇಬ್ಬರೂ ಹೊರಗೆ.”

ಅವರು ಮುಖ ಮುಖ ನೋಡಿಕೊಂಡರು. ಒಂದೇ ದಿನ, ಒಂದೇ ಪೆನ್ನಿನಲ್ಲಿ ಇಬ್ಬರೂ ರುಜು ಹಾಕಿ ಗ್ಯಾರೇಜು ಹಂಚಿಕೊಂಡರು. ಕೋರ್ಟಿಗೆ ಆಗದ್ದು ಕಪ್ಪೆಗೆ ಆಯಿತು. ಕುಡಿದು ಬಂದು ಪಕ್ಕದ ಮನೆಯ ಬಾಗಿಲು ಒದ್ದವನೊಬ್ಬನನ್ನು ಬೀಟ್ ಪೊಲೀಸಿನವನೇ ಎಳೆದು ತಂದು, ಸಲ್ಯೂಟ್ ಹೊಡೆದು, ಏನು ಮಾಡಲಿ ಎಂದ. “ಎಷ್ಟು ಒದ್ದ?” “ಒಂದು ಸಲ ಸಾಹೇಬ್ರೇ.” “ಒಂದಕ್ಕೆ ಅವಕಾಶ ಇದೆ. ಎರಡನೇದು ಒದ್ರೆ ಕೈ ಎತ್ತು.” ಪೊಲೀಸಿನವನು ಅದನ್ನು ಡೈರಿಯಲ್ಲಿ ಬರೆದುಕೊಂಡ. ಎರಡು ವರ್ಷದಿಂದ ಉರಿಯದ ನಮ್ಮ ಮೆಟ್ಟಿಲಿನ ಬಲ್ಬು ಯಾರೂ ಕೇಳದೆಯೇ ನಗರಾಡಳಿತದವರ ಕೈಯಿಂದ ಹೊತ್ತಿಕೊಂಡಿತು.

ನಾನು ಬೇರೆಯವರಿಗಿಂತ ಒಳ್ಳೆಯವಳು ಎಂದು ಯಾರೂ ತಿಳಿಯಬೇಡಿ. ಅವನು ಬಾಯ್ಲರಿನವನೆಂದು ಗೊತ್ತಿದ್ದೂ, ಯಾವುದಕ್ಕೂ ಇರಲಿ ಎಂದು, ನಾನೂ ‘ಸಾಕೆ’ ಎಂದೆ. ಬಾಗಿಲ ಹಿಂದಿನ ಮೊಳೆಯಿಂದ ಅವನ ಹಳೆಯ ಹತ್ತಿಕೋಟನ್ನು ತೆಗೆದು, ಬಿಸಿನೀರಿನ ಪೈಪಿನ ಪಕ್ಕದ ಒಂದನೇ ನಂಬರಿನ ಕೊಕ್ಕೆಗೆ ಹಾಕಿದೆ. ಅದು ದೊಡ್ಡವರ ಕೊಕ್ಕೆ, ಕೋಟು ಬೆಚ್ಚಗಿರುತ್ತದೆ. ಮೊದಲ ದಿನ ಆ ಬೆಚ್ಚನೆಯ ಕೋಟು ತೊಟ್ಟುಕೊಂಡು ಅವನು ಎರಡೂ ಕೈ ಜೇಬಿನೊಳಗಿಟ್ಟು ಬಹಳ ಹೊತ್ತು ನಿಂತಿದ್ದ. ಪಾಪ, ಅವನಿಗೆ ಅದು ಹಿಡಿಸಿಬಿಟ್ಟಿತು.

ಮದುವೆಗೆ ಇನ್ನು ಹನ್ನೆರಡು ದಿನ ಇರುವಾಗ ಪ್ರಾಂತ್ಯದ ಸ್ಪರ್ಧೆ ನಮ್ಮ ಕೊಳಕ್ಕೇ ಬಂತು. ಎರೆಕೆಯ ಕಿರಿಯ ಮಗ ಅಲ್ದಿಯಾರ್ ನೂರು ಮೀಟರ್ ಕಪ್ಪೆ ಈಜಿನಲ್ಲಿದ್ದ. ಗೆದ್ದವನಿಗೆ ರಾಜಧಾನಿಯ ಕ್ರೀಡಾ ಶಾಲೆಯಲ್ಲಿ ಸೀಟು, ಇರುವುದೇ ಒಂದು. ಅದುವರೆಗೆ ಮಗನನ್ನು ಡ್ರೈವರ್ ಜೊತೆ ಕಳಿಸುತ್ತಿದ್ದ ಎರೆಕೆ ಮೊದಲ ಸಲ ಕೊಳದ ಹೊಸಿಲು ತುಳಿದ. ತೋಳಗೂದಲಿನ ಕಾಲರಿನ ಚರ್ಮದ ಕೋಟು ನನ್ನ ಕೈಗೆ ಹೊರಿಸಿ, ಒಳಗೆ ಇಣುಕಿದವನು ಕೂಗಿದ. “ಅರೇ, ನಮ್ಮ ಬೀಗರು!”

ಸಬಿರ್ಬೆಕ್ ಬಿಳಿ ಪ್ಯಾಂಟು, ಬಿಳಿ ಅಂಗಿ ತೊಟ್ಟು, ದೂರದ ತಿರುವಿನ ಗೋಡೆಯ ಹತ್ತಿರ, ನಾಲ್ಕನೆಯ ಈಜುಸಾಲಿನ ತುದಿಯಲ್ಲಿ ಕಡ್ಡಿಯಂತೆ ನಿಂತಿದ್ದ. ಇಲ್ಲಿಗೆ ಗುಟ್ಟು ರಟ್ಟಾಯಿತು ಎಂದುಕೊಂಡೆ. ಎರೆಕೆಗೆ ಎಲ್ಲಿಯ ಸಂಶಯ! “ಕೋರ್ಟಲ್ಲೂ ಜಡ್ಜು, ಇಲ್ಲೂ ಜಡ್ಜು! ನೋಡಮ್ಮ, ದೊಡ್ಡವರು ಬಿಡುವಿನಲ್ಲೂ ನ್ಯಾಯಾನೇ ಮಾಡ್ತಿರ್ತಾರೆ,” ಎಂದು ಹೆಮ್ಮೆಯಿಂದ ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿ ಕೂತ. ಮಗ ಈಜುವ ಸಾಲಿಗೇ ಬೀಗರು ಜಡ್ಜು. ಇನ್ನು ಕೇಳಬೇಕೆ?

ಸೀಟಿ ಊದಿತು. ನಾನು ಕೋಟು ಬಿಟ್ಟು ಬಾಗಿಲಲ್ಲಿ ನಿಂತು ನೋಡಿದೆ. ನಾಲ್ಕನೇ ಸಾಲಿನಲ್ಲಿ ಅಲ್ದಿಯಾರ್, ಐದನೆಯದರಲ್ಲಿ ರೈಲ್ವೆ ಸ್ಟೇಷನ್ ಕಡೆಯ ರೋಮನ್ ಪಾಕ್ ಎಂಬ ಹುಡುಗ, ಇಬ್ಬರೂ ಹೆಗಲಿಗೆ ಹೆಗಲು. ಮೂರನೇ ತಿರುವಿನಲ್ಲಿ ಅಲ್ದಿಯಾರನ ಉಸಿರು ಸೋತದ್ದು ನನಗೂ ಗೊತ್ತಾಯಿತು. ಗೋಡೆ ಮುಟ್ಟಿ ತಿರುಗಿ ಮುಳುಗಿದ. ನಮಗೆಲ್ಲ ಕಂಡದ್ದು ಬರೀ ನೊರೆ. ಎದ್ದಾಗ ಅರ್ಧ ಆಳು ಮುಂದಿದ್ದ. ಹಾಗೇ ಗೆದ್ದ. ಎರೆಕೆ ಎದ್ದು ಟೋಪಿ ಎಸೆದ.

ಆಗ ನೋಡಿದರೆ ಸಬಿರ್ಬೆಕನ ಬಲಗೈ ಮೇಲೆ ಹೋಗಿ ನಿಂತಿದೆ.

ಯಾರನ್ನೋ ಕರೆಯುತ್ತಿದ್ದಾನೆ ಎಂದುಕೊಂಡು ಎರೆಕೆಯೂ ಕೈ ಬೀಸಿದ. ಕೈ ಇಳಿಯಲಿಲ್ಲ. ಮುಖ್ಯ ಜಡ್ಜು ಓರಾಜ್ ಕೊಳದ ಅಂಚಿನಲ್ಲಿ ದುಡುದುಡು ಓಡಿದ, ಎರೆಕೆ ಅವನ ಹಿಂದೆ.

“ಏನಯ್ಯಾ?”

“ಎರಡು ಒದೆತ,” ಎಂದ ಸಬಿರ್ಬೆಕ್. “ಮೂರನೇ ತಿರುವಿಗೆ. ಒಂದು ದೊಡ್ಡದು, ಒಂದು ಸಣ್ಣದು.”

“ಬೀಗರೇ, ಕೈ ಇಳಿಸಿ, ಜನ ನೋಡ್ತಿದ್ದಾರೆ,” ಎಂದ ಎರೆಕೆ ನಗುತ್ತಲೇ.

“ಎರಡು ಒದ್ದ ಬೀಗರೇ.”

“ಒದೀಲಿ ಬಿಡಿ! ಈಜೋಕೆ ಬಂದೋನು ಒದೀದೆ ಮುತ್ತಿಡ್ತಾನಾ?”

“ಒಂದಕ್ಕೆ ಅವಕಾಶ ಇದೆ.”

“ಒಂದು ಬಿಡ್ತಾರಂತೆ, ಎರಡನೇದಕ್ಕೇನು ರೋಗ?” ನಗು ಹೋಗಿತ್ತು. “ಸಾಕೆ, ಇದು ನಿಮ್ಮ ಅಳಿಯನ ತಮ್ಮ. ಮನೆ ಹುಡುಗ.”

ಸಬಿರ್ಬೆಕನ ಮುಖ ಬಿಳಿಚಿಕೊಂಡಿತ್ತು. ಕೈ ಮಾತ್ರ ಮೇಲೆಯೇ ಇತ್ತು. ಜೀವಮಾನದಲ್ಲಿ ಅವನು ಗೊಂದಲವಿಲ್ಲದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ನಾನು ನೋಡಿದೆ,” ಎಂದ.

ಎರೆಕೆ ಓರಾಜನ ಕಡೆ ತಿರುಗಿದ. “ನೀವಾದ್ರೂ ಹೇಳಿ. ಕೋರ್ಟಿನ ಜಡ್ಜಿಗೆ ಈಜಿನ ವಿಷಯ ಏನು ಗೊತ್ತಿರುತ್ತೆ?”

“ಯಾವ ಕೋರ್ಟು?” ಎಂದ ಓರಾಜ್.

“ಸಾಕೆ! ನಮ್ಮ ಕೋರ್ಟಿನ ಜಡ್ಜು!”

“ಇವನಾ?” ಓರಾಜ್ ನಕ್ಕ ನಗು ಮೇಲಿನ ಡಾಲ್ಫಿನ್‌ಗೂ ಕೇಳಿಸಿರಬೇಕು. “ಇವನು ಇಲ್ಲಿ ಬಾಯ್ಲರ್ ಕಾಯೋ ಸಬಿರ್ಬೆಕ್ ಅಲ್ವಾ!”

ಕೊಳದ ಸುತ್ತ ಮುನ್ನೂರು ಜನ. ಮೊದಲು ಒಬ್ಬ ನಕ್ಕ, ಆಮೇಲೆ ಹತ್ತು ಜನ, ಆಮೇಲೆ ಎಲ್ಲರೂ. ಗ್ಯಾರೇಜಿನ ಅಣ್ಣತಮ್ಮಂದಿರೂ ಇದ್ದರು. ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ನ್ಯಾಯ ಕೊಟ್ಟವನನ್ನು ಕಂಡು ನಗುವಷ್ಟು ಸುಖ ಬೇರೆ ಯಾವುದೂ ಇಲ್ಲ ಎಂದು ಕಾಣುತ್ತದೆ. ಎರೆಕೆ ಮಾತ್ರ ನಗಲಿಲ್ಲ. ಕಿವಿ ತಿಂದದ್ದು ನೆನಪಾಗಿರಬೇಕು.

ಅರ್ಧ ಗಂಟೆಯಾದ ಮೇಲೆ ಮೂವರೂ ನನ್ನ ಕೋಟಿನ ಕಟ್ಟೆಯ ಹತ್ತಿರ ಬಂದರು. ಬೇರೆ ಎಲ್ಲ ಕಡೆ ಜನ. ಓರಾಜ್ ಕಟ್ಟೆಯ ಮೇಲೆ ಅನರ್ಹತೆಯ ಚೀಟಿ ಇಟ್ಟ.

“ನೋಡು, ನಿಯಮದಲ್ಲೇ ಇದೆ. ಸಂಶಯ ಇದ್ರೆ ಈಜುಗಾರನ ಪರ. ನಿನಗೆ ಸಂಶಯ ಇದೆ.”

“ನನಗಿಲ್ಲ.”

“ಇದೆ ಅಂತ ನಾನು ಹೇಳ್ತಿದ್ದೀನಲ್ಲಯ್ಯಾ!”

ಎರೆಕೆ ಓರಾಜನನ್ನು ಪಕ್ಕಕ್ಕೆ ಸರಿಸಿದ. ದನಿ ಏರಿಸಲಿಲ್ಲ. “ನೋಡು ಸಬಿರ್ಬೆಕ್,” ಎಂದ. ಹೆಸರು ಮತ್ತೆ ಪೂರ್ತಿಯಾಗಿತ್ತು. “ಇನ್ನೂರೈವತ್ತು ಮನೆಗೆ ಕರೆ ಹೋಗಿದೆ. ನಾನು ಮಾತು ತಪ್ಪೋನಲ್ಲ. ನೀನು ಬಾಯ್ಲರೇ ಆಗಿರು, ಒಲೆಯೇ ಆಗಿರು, ನಿನ್ನ ಮಗಳು ನಮ್ಮನೆ ತುಂಬ್ತಾಳೆ. ‘ನೀರು ಕಲಕಿತ್ತು, ಏನೂ ಕಾಣ್ಲಿಲ್ಲ’ ಅಂತ ಬರಿ. ಬರೀಲಿಲ್ವೋ, ಓಲೆ ಇವತ್ತೇ ವಾಪಸ್ಸು.”

ಸಬಿರ್ಬೆಕ್ ನನ್ನ ಕಡೆ ನೋಡಿದ. “ರೌಶಾನ್, ನೀನೇನಂತೀಯ?”

ಏನೆನ್ನಲಿ? ಹತ್ತೊಂಬತ್ತು ವರ್ಷ ಬೇರೆಯವರ ಕೋಟು ಹೊತ್ತವಳು ನಾನು. “ಮಗಳ ಬಾಳು ನೋಡ್ಕೋ. ಬರೆದುಬಿಡು,” ಎಂದೆ. ಪೆನ್ನನ್ನೂ ನಾನೇ ಕೊಟ್ಟೆ. ಆ ಪೆನ್ನು ಈಗಲೂ ನನ್ನ ಡ್ರಾಯರಿನಲ್ಲಿದೆ. ಅದರಲ್ಲಿ ಬರೆಯಲು ಮನಸ್ಸಾಗುವುದಿಲ್ಲ.

ಅವನು ನಾಲಿಗೆ ಕಚ್ಚಿಕೊಂಡು ನಿಧಾನವಾಗಿ ಬರೆದ. ಓರಾಜ್ ಓದಿ ಹಣೆ ಚಚ್ಚಿಕೊಂಡ. ‘ನೀರು ಕಲಕಿದ್ದರಿಂದ ಆ ಎರಡು ಒದೆತ ಕಾಣಲಿಲ್ಲ’ ಎಂದಿತ್ತು.

“ಕಾಣದೇ ಇದ್ದೋನು ಎರಡು ಅಂತ ಹೆಂಗಯ್ಯಾ ಎಣಿಸ್ತೀಯ?” ಎಂದು ಹರಿದು ಇನ್ನೊಂದು ಚೀಟಿ ಕೊಟ್ಟ. ಈ ಸಲ ‘ಏನೂ ಕಾಣಲಿಲ್ಲ’ ಎಂದಷ್ಟೇ ಬರೆದು, ರುಜು ಹಾಕಿ, ಸಬಿರ್ಬೆಕ್ ಒಂದನೇ ಕೊಕ್ಕೆಯಿಂದ ತನ್ನ ಕೋಟನ್ನು ತಾನೇ ತೆಗೆದು ಬಾಗಿಲ ಹಿಂದಿನ ಮೊಳೆಗೆ ಹಾಕಿದ.

ಆಗಲೇ ಐದನೆಯ ಸಾಲಿನ ಹುಡುಗ ರೋಮನ್ ಬಿಲ್ಲೆ ಹಿಡಿದು ಬಂದ. ತೋಳು ಗಿಡ್ಡವಾದ ಕೋಟು ಅವನದು. ಚೀಟಿಯ ಸಂಗತಿ ಅವನಿಗಿನ್ನೂ ತಿಳಿದಿರಲಿಲ್ಲ. “ಅಣ್ಣಾ, ನೀವು ಕೈ ಎತ್ತಿದ್ದು ನೋಡಿದೆ,” ಎಂದು ಸ್ವಲ್ಪ ನಾಚಿಕೊಂಡ. “ಯಾರೂ ಎತ್ತಲ್ಲ. ಥ್ಯಾಂಕ್ಸ್.” ಸಬಿರ್ಬೆಕ್ ತಳಮನೆಯ ಮೆಟ್ಟಿಲಿಳಿದು ಹೋದ. ಅವತ್ತು ಅವನು ಮೇಲೆ ಬರಲಿಲ್ಲ.

ಮಾರನೆಯ ದಿನ ಮೊಲ್ದಿರ್ ಬಂದು ಕಟ್ಟೆಗೆ ಒರಗಿ ನಿಂತಳು. “ಅಪ್ಪನಿಗೆ ಕಂಡಿತ್ತಾ ರೌಶಾನ್ ಅಕ್ಕ?”

“ಕಂಡಿತ್ತು ಕಣೇ.”

ಅವಳು ಓಲೆಯನ್ನು ಬೆರಳಲ್ಲಿ ತಿರುಗಿಸುತ್ತ, “ನನ್ನನ್ನ ಒಂದು ಮಾತು ಕೇಳಬಹುದಿತ್ತು,” ಎಂದಳು. ಕೇಳಿದ್ದರೆ ಏನನ್ನುತ್ತಿದ್ದಳೋ ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಮದುವೆ ಆಯಿತು, ಭರ್ಜರಿಯಾಗಿಯೇ ಆಯಿತು. ಎರೆಕೆ ಮಾತು ಉಳಿಸಿಕೊಂಡ. ನಮ್ಮಲ್ಲಿ ಹೆಣ್ಣಿನ ತಂದೆ ಅಂದರೆ ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ, ಅಷ್ಟೆ. ಮೇಲಿನ ಪೀಠ ಅವನದೇ. ಆದರೆ ಸಬಿರ್ಬೆಕನ ಹೆಸರಿನ ಚೀಟಿ ಇದ್ದದ್ದು ಬಾಗಿಲ ಪಕ್ಕ, ಚಪ್ಪಲಿ ರಾಶಿಯಿಂದ ಎರಡನೆಯ ಮೇಜಿನಲ್ಲಿ, ನನ್ನ ಜೊತೆ. ಕುಲ್ಪಾಶ್ ಹೊಸ ವೆಲ್ವೆಟ್ ಅಂಗಿಯ ತೋಳು ಸವರುತ್ತ ಕೂತಿದ್ದಳು. ಮೇಲಿನ ಪೀಠದಲ್ಲಿ ಇದ್ದವನು ಓರಾಜ್. “ನಮ್ಮೆಲ್ಲರ ಓರೆಕೆ!” ಎಂದು ಮೈಕು ಗುಡುಗಿತು. ಕುರಿಯ ತಲೆ ಅವನ ಮುಂದೆ ಹೋಯಿತು. ಅಲ್ದಿಯಾರ್ ಪದಕ ಹಾಕಿಕೊಂಡೇ ಓಡಾಡುತ್ತಿದ್ದ. ಮೊಲ್ದಿರ್ ಮದುಮಗಳ ಉದ್ದನೆಯ ಬಿಳಿ ಮುಸುಕಿನಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಮದುಮಗಳು ತಲೆ ತಗ್ಗಿಸಲೇಬೇಕು, ಪದ್ಧತಿ. ಮುಸುಕು ತೆಗೆದ ಮೇಲೂ ಅವಳು ಎತ್ತಲಿಲ್ಲ.

ಓರಾಜ್ ತಲೆಯನ್ನು ಕೊಯ್ದು ಹಂಚತೊಡಗಿದ. ಕಿವಿ ಮಕ್ಕಳಿಗೆ, ತಪ್ಪದೆ. ಆಮೇಲೆ ಎರೆಕೆ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ಕಿಸಕ್ಕನೆ ನಕ್ಕರು. ಬಡಿಸುವವನು ಒಂದು ಸಣ್ಣ ತಟ್ಟೆ ಹಿಡಿದು ಅಷ್ಟುದ್ದದ ಸಭೆ ದಾಟಿ ನಮ್ಮ ಮೇಜಿಗೆ ಬಂದ. ತಟ್ಟೆಯಲ್ಲಿ ಕುರಿಯ ಒಂದು ಕಣ್ಣಿತ್ತು.

“ಓರೆಕೆ ಕಳಿಸಿದ್ದಾರೆ,” ಎಂದ ಎಲ್ಲರಿಗೂ ಕೇಳುವಂತೆ. “ಬಾಯ್ಲರ್ ಬೀಗರ ಕಣ್ಣು ಮಂಜಂತಲ್ಲ, ಇದನ್ನ ತಿಂದ್ರೆ ಸರಿಹೋಗುತ್ತೆ ಅಂದ್ರು.”

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ಆ ತಟ್ಟೆ ಎತ್ತಿ ಎಸೆಯಬೇಕೆನಿಸಿತು, ಎಸೆಯಲಿಲ್ಲ. ಒಂದಕ್ಕೆ ಅವಕಾಶ ಇದೆ ಎಂದು ಇವನೇ ಹೇಳುತ್ತಿದ್ದ. ಕೊಳದಲ್ಲಿ ನಕ್ಕದ್ದು ಒಂದು, ಇದು ಎರಡನೆಯದು. ಕೈ ಎತ್ತುವವರು ಯಾರೂ ಇರಲಿಲ್ಲ. ಸಬಿರ್ಬೆಕ್ ದೂರದಲ್ಲಿ ನಿಂತ ಮಗಳನ್ನು ಒಮ್ಮೆ ನೋಡಿ, ಆ ಕಣ್ಣನ್ನು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು ನುಂಗಿದ.

ಅವನಿಗೆ ಬಿಕ್ಕಳಿಕೆ ಬಂದಿರಬೇಕು ಎಂದುಕೊಂಡು ನಾನು ಕೆಟಲ್ ಎತ್ತಿ ಅವನ ಬಟ್ಟಲಿಗೆ ಟೀ ಬಗ್ಗಿಸಿದೆ. ಬಟ್ಟಲು ತುಂಬುತ್ತ ಬಂದಾಗ ಕೇಳಿದೆ.

“ಸಾಕೆ?”

ಅವನು ತಟಕ್ಕನೆ ತಲೆ ಎತ್ತಿದ. ಬೆನ್ನು ನೆಟ್ಟಗಾಯಿತು. ಕೋಟಿನ ಗುಂಡಿ ಹಾಕಿಕೊಳ್ಳುತ್ತ ಕುರ್ಚಿಯಿಂದ ಅರ್ಧ ಎದ್ದು, ಮೇಲಿನ ಪೀಠದ ಕಡೆ ನೋಡಿದ.

“ಯಾರು ಕರೆದಿದ್ದು ರೌಶಾನ್?”

“ಯಾರೂ ಕರೀಲಿಲ್ಲ, ಕೂತ್ಕೋ,” ಎಂದೆ. “ಟೀ ಸಾಕಾ ಅಂತ ನಾನು ಕೇಳಿದ್ದು.”